ಭೂಸನೂರಿನ ಕಬ್ಬು, ಅಡವಿಯ ಹಂದಿ

ಹಂದಿಯನ್ನು ಬೆನ್ನಟ್ಟಿ ಕೊಲ್ಲುವುದು ಅರಸರ ಬೇಟೆಯಾದರೆ, ಅದರ ಹಾದಿಯಲ್ಲಿ ಆಮಿಷವನ್ನಿರಿಸಿ, ಗಾಳಿಯ ದಿಕ್ಕನ್ನರಿತು, ಉಸಿರಡಗಿಸಿ ಕಾದಿರುವುದು ರೈತನ ಬೇಟೆ. ಕವಿಗಳೂ ಶಾಸನಕಾರರೂ ಒಲಿದುದು ಮೊದಲನೆಯದಕ್ಕೆ. ಬೆಳೆಯನ್ನುಳಿಸಿಕೊಳ್ಳಲು ನಿದ್ದೆಗೆಟ್ಟು ಕುಳಿತವನಲ್ಲಿ ವೀರರಸಕ್ಕೆ ಎಡೆಯಿಲ್ಲವೆಂದು ಅವರು ಬಗೆದಿರಬೇಕು. ಆಳಂದ, ಅಫಜಲಪುರ, ಜೇವರ್ಗಿಗಳ ಎರೆನೆಲದವರಿಗೆ ಈ ಎರಡು ಬೇಟೆಗಳೂ ದೂರದ ಮಾತಲ್ಲ. ರಾಷ್ಟ್ರಕೂಟರ ಮಾನ್ಯಖೇಟ ಒಂದೆಡೆ, ಚಾಲುಕ್ಯರ ಕಲ್ಯಾಣ ಮತ್ತೊಂದೆಡೆ. ಭೂಸನೂರಿನಂತಹ ಊರುಗಳ ಹೊಲಗಳಿರುವುದು ಆ ಎರಡು ರಾಜಧಾನಿಗಳ ನೆರೆಯಲ್ಲಿಯೇ.

ಮಾನ್ಯಖೇಟದ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸಂದರ್ಭದಲ್ಲಿ ಹುಟ್ಟಿದುದು ಆತಕೂರಿನ ಶಾಸನ. ಅದರ ಕಾಲ ಶಕ 872, ಎಂದರೆ ಕ್ರಿ.ಶ. 949-50. ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ಬೂತುಗನು ತನ್ನ ಬಂಟನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ವರವನ್ನು ಕೊಡಲು ಮುಂದಾದಾಗ, ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಕೆಳಲೆ ನಾಡಿನ ಬೆಳತೂರಿನ ಗುಡ್ಡದಲ್ಲಿ ಆ ನಾಯಿಯನ್ನು ಹಿರಿದೊಂದು ಹಂದಿಯ ಮೇಲೆ ಬಿಡಲಾಗಿ, ಎರಡೂ ಒಡನೆಯೇ ಸತ್ತವು. ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲನ್ನು ನಿಲ್ಲಿಸಿ, ಅದಕ್ಕೆ ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟುವುದೆಂದು ಬರೆಯಿಸಿದರು. ಮಂಡ್ಯ ಸೀಮೆಯ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಮೈಗೆ ಮೈ ತಾಗಿಸಿ ಕಾದುವ ಚಿತ್ರ ಅದರ ಮೇಲೆ ಇನ್ನೂ ಇದೆ. ನಾಯಿಯ ಹೆಸರುಳಿಯಿತು, ಸಮನಾಗಿ ಹೋರಾಡಿ ಸತ್ತ ಹಂದಿಗೆ ಒಂದು ಹೆಸರೂ ಇಲ್ಲದೆ ಹೋದುದು ನನಗೆ ತುಸು ಅನ್ಯಾಯವಾಗಿಯೇ ತೋರುತ್ತದೆ.

ಕಲ್ಯಾಣದ ಚಾಲುಕ್ಯರಿಗಂತೂ ವರಾಹವೇ ಲಾಂಛನ. ಆದರೂ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಮೃಗಯಾವಿನೋದವನ್ನು ವಿಸ್ತಾರವಾಗಿ ಹೇಳಿದುದಲ್ಲದೆ, ಹಂದಿಗೆ ಬಿಳಿಯ ಬಟ್ಟೆಯನ್ನು ಹೊದಿಸಿ, ಕುದಿನೀರನ್ನು ಸುರಿದು ಕೂದಲು ಕೀಳುವ ಕ್ರಮವನ್ನೂ, ಅದಲ್ಲವಾದರೆ ಹುಲ್ಲಿನ ಉರಿಯಲ್ಲಿ ಸುಡುವ ಕ್ರಮವನ್ನೂ ವಿವರಿಸಿದ್ದಾನೆ. ಲಾಂಛನದ ಭಕ್ತಿ ಅಡುಗೆಮನೆಯ ಹೊಸ್ತಿಲನ್ನು ದಾಟಿರಲಿಲ್ಲ.

ರೈತನ ಬೇಟೆಗೆ ಇಂತಹ ವೈಭವವಿಲ್ಲ. ಹಂದಿಯ ಕಣ್ಣು ಮಂದ, ಮೂಗು ಅತಿ ಸೂಕ್ಷ್ಮ. ಆದಕಾರಣ ಆಮಿಷದ ವಿದ್ಯೆಯೆಲ್ಲವೂ ವಾಸನೆಯ ವಿದ್ಯೆ. ಬಲ್ಲವನು ಮೊದಲು ನೆಲವನ್ನು ಓದುತ್ತಾನೆ: ಮೂತಿಯಿಂದ ಉತ್ತಂತೆ ಕೆದರಿದ ಮಣ್ಣು, ಕೆಸರಿನಲ್ಲಿ ಹೊರಳಿದ ಗುರುತು, ಹೊರಳಿ ಎದ್ದು ಮೈಯುಜ್ಜಿದ ಮರದ ಬುಡದಲ್ಲಿ ಒಣಗಿದ ಕೆಸರು ಮತ್ತು ಅದಕ್ಕಂಟಿದ ಬಿರುಗೂದಲು. ಅಂತಹ ಹಾದಿಯಲ್ಲಿ ಶೇಂಗಾ, ಗೆಣಸು, ಬೆಲ್ಲ ಅಥವಾ ನೆನೆದು ಹುಳಿಬಂದ ಧಾನ್ಯವನ್ನಿರಿಸಿ, ಮೊದಲ ಕೆಲವು ರಾತ್ರಿ ಏನೂ ಮಾಡದೆ ತಿನ್ನಗೊಡುತ್ತಾನೆ. ತಿಂದ ಹಂದಿಗೆ ಧೈರ್ಯ ಬಂದ ಮೇಲೆಯೇ ಗಾಳಿ ತನ್ನ ಕಡೆಗೆ ಬೀಸುವ ಮಗ್ಗುಲನ್ನು ಹಿಡಿದು ಕೂರುತ್ತಾನೆ. ಮರಿಗಳೊಡನೆ ಹೆಣ್ಣುಹಂದಿಗಳು ಹಿಂಡಾಗಿ ಬರುತ್ತವೆ. ಮುದಿ ಗಂಡು ಒಂಟಿಯಾಗಿ, ಬಹಳ ಶಂಕಿಸಿ ಬರುತ್ತದೆ. 1539ರಲ್ಲಿ ಸ್ಪೇನಿನ ದೆ ಸೋತೊ ಫ್ಲೋರಿಡಾಕ್ಕೆ ಒಯ್ದ ಊರಹಂದಿಗಳ ವಂಶವೂ ಸೇರಿ ಕಾಡುಬಿದ್ದ ಹಂದಿಗಳಿಗೆ ಅಮೆರಿಕದ ರೈತರು ಇಂದು ಒಡ್ಡುವುದೂ ಹುಳಿಬರಿಸಿದ ಮೆಕ್ಕೆಜೋಳವನ್ನೇ. ಕೊಲ್ಲುವ ಮನಸ್ಸಿಲ್ಲದ ನಮ್ಮ ರೈತನು ಜೋಳದ ಹೊಲದ ಅಂಚಿಗೆ ಮುಳ್ಳಿನ ಕುಸುಬೆಯನ್ನು ಬಿತ್ತಿ, ಮಂಚಿಗೆಯ ಮೇಲೆ ಡಬ್ಬಿ ಬಡಿಯುತ್ತ ಬೆಳಗು ಮಾಡುತ್ತಾನೆ.

ಈಗ ಆಮಿಷವನ್ನು ಹೊತ್ತು ತರುವ ಅಗತ್ಯವೇ ಉಳಿದಿಲ್ಲ. ಅಮರ್ಜಾ ಜಲಾಶಯದಿಂದಲೂ, ಭೀಮೆಗೆ ಅಡ್ಡಲಾಗಿ ಸೊನ್ನದಲ್ಲಿ ಕಟ್ಟಿದ ಬ್ಯಾರೇಜಿನಿಂದಲೂ, ಬಾವಿ-ಕೊಳವೆಬಾವಿಗಳಿಂದಲೂ ನೀರು ಹರಿದು, ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆ ಎದ್ದ ಮೇಲೆ, ಜೋಳ-ತೊಗರಿಗಳ ಬಯಲಿನ ನಡುನಡುವೆ ಕಬ್ಬು ನಿಂತಿತು. ಜೋಳ ಕೆಲವೇ ತಿಂಗಳ ಬೆಳೆ. ಕಬ್ಬಾದರೋ ವರ್ಷದುದ್ದಕ್ಕೂ ದಟ್ಟವಾಗಿ ನಿಂತು, ತಿನ್ನಲು ಸಿಹಿಯನ್ನೂ, ಹೊರಳಲು ಕೆಸರನ್ನೂ, ನಾಲ್ಕು ತಿಂಗಳು ತುಂಬುವ ಮೊದಲೇ ಈಯುವ ತಾಯಿಗೆ ಮರೆಯನ್ನೂ ಒಂದೇ ಎಡೆಯಲ್ಲಿ ಒದಗಿಸುತ್ತದೆ. ಬೇಟೆಗಾರನು ಹಿಡಿಯಷ್ಟು ಚೆಲ್ಲುತ್ತಿದ್ದುದನ್ನು ನಾವು ಎಕರೆಗಟ್ಟಲೆ ನೆಟ್ಟಿದ್ದೇವೆ. ಹಂದಿ ಹೆಚ್ಚಾಯಿತೆಂದು ದೂರುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕಾಡುಹಂದಿಯನ್ನು ಮೂರನೆಯ ಅನುಸೂಚಿಯಲ್ಲಿರಿಸಿತ್ತು. 2022ರ ತಿದ್ದುಪಡಿ ಅದನ್ನು ಎರಡನೆಯದಕ್ಕೆ ತಂದಿತು. ಅನುಮತಿಯಿಲ್ಲದೆ ಕೊಲ್ಲುವುದು ಅಪರಾಧ. ಆದರೂ ಕದ್ದು ಬೇಟೆಯಾಡುವವರು ಹಿಟ್ಟಿನುಂಡೆಯೊಳಗೆ ಸಿಡಿಮದ್ದನ್ನು ಹುದುಗಿಸಿಡುವುದುಂಟು. ಅದನ್ನು ಹಂದಿಯೇ ಕಚ್ಚಬೇಕೆಂಬ ನಿಯಮವಿಲ್ಲ, ಮೇಯಲು ಬಿಟ್ಟ ಆಕಳೂ ಕಚ್ಚೀತು. 2020ರಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಇಂತಹ ಸಿಡಿಮದ್ದನ್ನು ಕಚ್ಚಿ ಬಾಯೊಡೆದುಕೊಂಡ ಗರ್ಭಿಣಿ ಆನೆ ನೀರಿನಲ್ಲಿ ನಿಂತೇ ಸತ್ತಿತು. ಹಳೆಯ ಕಾವಲಿಗನು ಹೊಡೆಯುವ ಮೊದಲು ತನ್ನ ಮುಂದಿರುವುದು ಯಾವ ಪ್ರಾಣಿಯೆಂದು ನೋಡುತ್ತಿದ್ದನು. ಉಂಡೆಯನ್ನಿಟ್ಟು ಮನೆಗೆ ಹೋಗಿ ಮಲಗುವವನು ಅಷ್ಟನ್ನೂ ಮಾಡುವುದಿಲ್ಲ.

ಕಟಾವಿನ ಕಾಲದಲ್ಲಿ ಕಬ್ಬು ಕಡಿಯುವವರ ಗ್ಯಾಂಗು ನಾಲ್ಕೂ ಕಡೆಯಿಂದ ಕಡಿಯುತ್ತ ಬಂದಂತೆ, ಒಳಗಿದ್ದ ಹಂದಿಗಳು ನಡುವೆ ಉಳಿದ ತುಂಡುಪಟ್ಟಿಗೆ ಸರಿದು ಒತ್ತಾಗುತ್ತವೆ. ಕೊನೆಯ ಸಾಲುಗಳಿಗೆ ಕತ್ತಿ ಬಿದ್ದಾಗ ಅವು ಒಮ್ಮೆಲೇ ನುಗ್ಗುತ್ತವೆ. ನಾಯಿಗಳು ಬೆನ್ನಟ್ಟುತ್ತವೆ, ಹೆಂಗಸರು ಮಕ್ಕಳನ್ನೆಳೆದುಕೊಂಡು ಬಂಡಿ ಹತ್ತುತ್ತಾರೆ. ಹಂದಿಗಳು ಬದುವನ್ನು ಹಾರಿ ಸೇರುವುದು ನೆರೆಯವನ ಕಬ್ಬಿನ ಹೊಲವನ್ನು; ಅಲ್ಲಿಗೆ ಗ್ಯಾಂಗು ಬರುವುದು ಇನ್ನೂ ಒಂದು ತಿಂಗಳ ಮೇಲೆ.