ಕಲ್ಲಿಗೆ ಕಾಲ, ಬುಟ್ಟಿಗೆ ಜಾತಿ

1

ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯಂಥ ಕಡೆ ಹಳೆಯ ಮನೆಗಳ ಹಿತ್ತಿಲು ನೋಡಿದರೆ ಎರಡು ಬಗೆಯ ಸಾಮಾನು ಒಟ್ಟಿಗೇ ಕಾಣುತ್ತವೆ. ಒಂದು ಕಲ್ಲಿನವು: ಒರಳು, ಗುಂಡುಕಲ್ಲು, ಬೀಸುವ ಕಲ್ಲು. ಇನ್ನೊಂದು ಹೆಣೆದವು: ಮೊರ, ಮಂಕರಿ, ಕುಕ್ಕೆ, ಹೆಡಿಗೆ. ರಾಗಿ ಹಸನು ಮಾಡಿ ಹಿಟ್ಟು ಮಾಡುವ ಹೆಂಗಸಿಗೆ ಎರಡೂ ಬೇಕಿತ್ತು. ಮೊರ ಇಲ್ಲದೆ ಬೀಸುವ ಕಲ್ಲಿಗೆ ಕೆಲಸವಿಲ್ಲ.

ಇದೇ ಸಾಮಾನುಗಳು ವಸ್ತುಸಂಗ್ರಹಾಲಯದ ಬಾಗಿಲು ದಾಟಿದ ಕೂಡಲೇ ಬೇರೆಬೇರೆಯಾಗುತ್ತವೆ. ಕಲ್ಲಿನ ಆಯುಧ ಪ್ರಾಚ್ಯವಸ್ತು ವಿಭಾಗಕ್ಕೆ ಹೋಗುತ್ತದೆ, ಬುಟ್ಟಿ ಜಾನಪದ ವಿಭಾಗಕ್ಕೆ. ಕಲ್ಲಿನ ಮುಂದೆ ಸಾಮಾನ್ಯವಾಗಿ 'ನವಶಿಲಾಯುಗ' ಅಂತ ಚೀಟಿ ಇರುತ್ತೆ. ಬುಟ್ಟಿಯ ಮುಂದೆ 'ಮೇದರ ಬುಟ್ಟಿ' ಅಂತಲೋ 'ಕೊರಮರ ಕುಕ್ಕೆ' ಅಂತಲೋ ಇರುತ್ತೆ. ಕಲ್ಲಿಗೆ ಕಾಲ ಇದೆ, ಮನುಷ್ಯ ಇಲ್ಲ. ಬುಟ್ಟಿಗೆ ಜಾತಿ ಇದೆ, ಕಾಲ ಇಲ್ಲ. ನನ್ನ ತಕರಾರು ಇರೋದು ಈ ವಿಂಗಡಣೆಯ ಬಗ್ಗೆ. ಇದು ಬರೀ ಕಪಾಟು ಜೋಡಿಸುವ ಪ್ರಶ್ನೆ ಅಲ್ಲ. ಯಾರಿಗೆ ಚರಿತ್ರೆ ಇದೆ, ಯಾರಿಗೆ ಬರೀ ಕುಲಕಸುಬು ಇದೆ ಅಂತ ತೀರ್ಮಾನಿಸುವ ಪ್ರಶ್ನೆ.

2

ಈ ವಿಂಗಡಣೆಗೂ ಒಂದು ಚರಿತ್ರೆ ಇದೆ. ಅದು ಮದರಾಸಿನಿಂದ ಶುರುವಾಗುತ್ತದೆ. ಭೂಗರ್ಭ ಸಮೀಕ್ಷೆಯ ಅಧಿಕಾರಿಯಾಗಿದ್ದ ರಾಬರ್ಟ್ ಬ್ರೂಸ್ ಫೂಟ್ 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ಹಳೆಶಿಲಾಯುಗದ ಒಂದು ಕಲ್ಲಿನ ಆಯುಧವನ್ನು ಎತ್ತಿಕೊಂಡ. ಆಗ ಮದರಾಸು ಪ್ರಾಂತ್ಯಕ್ಕೇ ಸೇರಿದ್ದ ಬಳ್ಳಾರಿಯ ಸಂಗನಕಲ್ಲು ಗುಡ್ಡಗಳಲ್ಲಿ, 1872ರಲ್ಲಿ, ಕಲ್ಲುಕೊಡಲಿ ತಯಾರಾಗುತ್ತಿದ್ದ ಜಾಗವನ್ನೇ ಗುರುತಿಸಿದ. ಆತ ಕೂಡಿಹಾಕಿದ ಕಲ್ಲುಗಳು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು.

ಆಗ ಆ ಸಂಗ್ರಹಾಲಯದ ಮೇಲ್ವಿಚಾರಕನಾಗಿದ್ದವನು ಎಡ್ಗರ್ ಥರ್ಸ್ಟನ್. 1909ರಲ್ಲಿ ದಕ್ಷಿಣ ಭಾರತದ ಜಾತಿಗಳು ಮತ್ತು ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ತಂದವನೂ ಇವನೇ. ಆ ಕೆಲಸಕ್ಕಾಗಿ ಈತ ಊರೂರು ತಿರುಗಿ, ಸಂಗ್ರಹಾಲಯಕ್ಕೆ ಬಂದವರನ್ನೂ ನಿಲ್ಲಿಸಿಕೊಂಡು, ಮೂಗು ತಲೆಗಳನ್ನು ಅಳೆದ. ಅಂದರೆ ಕಲ್ಲಿಗೆ ಕಾಲ ಕಟ್ಟಿದ ಮನೆಯಲ್ಲೇ ಮನುಷ್ಯರನ್ನು ಅಳತೆಪಟ್ಟಿಗೆ ಇಳಿಸಿದರು. ಒಂದನ್ನು ಪುರಾತತ್ವ ಅಂದರು, ಇನ್ನೊಂದನ್ನು ಮಾನವಶಾಸ್ತ್ರ ಅಂದರು. ಮೈಸೂರಿನಲ್ಲಿ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರ ಹೆಸರಲ್ಲಿ 1928ರಿಂದ 1935ರ ನಡುವೆ ಬಂದ ಸಂಪುಟಗಳೂ ಜಾತಿಗೊಂದು ಅಧ್ಯಾಯ ಅನ್ನೋ ಹಾದಿಯನ್ನೇ ಹಿಡಿದವು.

ಆಮೇಲೆ ಬಂದದ್ದು ಜಾನಪದ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ನಾಗಮಂಗಲ ತಾಲ್ಲೂಕಿನಿಂದ ಹೋದ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ಇವು ಕೂಡಿಸಿಡದಿದ್ದರೆ ಎಷ್ಟೋ ಸಾಮಾನು ಒಲೆ ಸೇರುತ್ತಿದ್ದವು. ಆ ಋಣ ದೊಡ್ಡದು. ಆದರೆ 'ಜನಪದರು' ಅನ್ನೋ ಒಂದೇ ಮಾತಿನೊಳಗೆ ಮೊರ ಹೆಣೆದವಳೂ, ಮೊರಕ್ಕೆ ರಾಗಿ ಸುರಿದವಳೂ, ಆ ರಾಗಿ ಬೆಳೆದ ಹೊಲದ ಒಡೆಯನೂ ಒಂದೇ ಆಗಿಬಿಡುತ್ತಾರೆ. ಊರಲ್ಲಿ ಅವರು ಯಾವತ್ತೂ ಒಂದೇ ಆಗಿರಲಿಲ್ಲ.

3

ಹಾಗಾದರೆ ಬುಟ್ಟಿಗೆ ನಿಜಕ್ಕೂ ಕಾಲ ಇಲ್ಲವೆ? ಮಳವಳ್ಳಿಯ ಆಚೆ, ಕಾವೇರಿ ಕಪಿಲೆ ಕೂಡುವ ತಿ. ನರಸೀಪುರದಲ್ಲಿ, 1960ರ ಆಸುಪಾಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎಂ. ಶೇಷಾದ್ರಿಯವರು ಅಗೆಸಿದಾಗ ನವಶಿಲಾಯುಗದ ನೆಲೆ ಸಿಕ್ಕಿತು. ಕಲ್ಲಿನ ಉಪಕರಣ, ಮಡಕೆ, ಸಮಾಧಿ ಎಲ್ಲ ಬಂದವು, ಬುಟ್ಟಿ ಬರಲಿಲ್ಲ. ಬರೋದೂ ಇಲ್ಲ. ನಮ್ಮ ಮಣ್ಣಲ್ಲಿ ಬಿದಿರು, ಈಚಲಗರಿ ಉಳಿಯುವುದಿಲ್ಲ. ಗೆದ್ದಲು ತಿನ್ನುತ್ತೆ, ಮಳೆ ಕೊಳೆಸುತ್ತೆ.

ಆದರೆ ಸಂಗನಕಲ್ಲಿನಲ್ಲಿ ಇತ್ತೀಚಿನ ದಶಕಗಳಲ್ಲಿ ನಡೆದ ಸಂಶೋಧನೆಯಿಂದ ಅಲ್ಲಿನವರು ಏನು ಉಣ್ಣುತ್ತಿದ್ದರು ಅಂತ ಗೊತ್ತಾಗಿದೆ. ಸುಟ್ಟು ಕರಿಯಾದ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಇವೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಮಾತು. ಈಗ ಯಾವ ಹೆಂಗಸನ್ನಾದರೂ ಕೇಳಿ: ಕೊರಲೆಯನ್ನು ಕುಟ್ಟಿ ಕೇರದೆ ಉಣ್ಣೋಕಾಗುತ್ತಾ? ಹೊಟ್ಟು ಹಾರಿಸೋಕೆ ಮೊರದಂಥ ಒಂದು ಸಾಧನ ಬೇಕೇ ಬೇಕು. ಕಾಳಿನ ಸಾಕ್ಷಿಯೇ ಮೊರದ ಸಾಕ್ಷಿ. ಪುರಾತತ್ವದ ಪುಸ್ತಕ ಬರೆದವರು ಮೊರ ಹಿಡಿದು ಕೇರಿದ್ದರೆ ಈ ಮಾತನ್ನು ಮೊದಲ ಪುಟದಲ್ಲೇ ಬರೆಯುತ್ತಿದ್ದರು.

ಬೇರೆ ಕಡೆ ನೇರ ಸಾಕ್ಷಿಯೂ ಇದೆ. ಬಲೂಚಿಸ್ತಾನದ ಮೆಹರ್‌ಗಢದಲ್ಲಿ, ಮಡಕೆ ಮಾಡೋದನ್ನು ಜನ ಇನ್ನೂ ಕಲಿಯದಿದ್ದ ಕಾಲದ ಸಮಾಧಿಗಳಲ್ಲಿ, ಡಾಂಬರು ಬಳಿದ ಬುಟ್ಟಿಗಳ ಗುರುತು ಸಿಕ್ಕಿವೆ. ಕಾಶ್ಮೀರದ ಬುರ್ಜಹೋಮದ ಮಡಕೆಗಳ ತಳದಲ್ಲಿ ಚಾಪೆಯ ಅಚ್ಚು ಹಾಗೇ ನಿಂತಿದೆ. ಹೆಣಿಗೆ ಮಡಕೆಗಿಂತ ಹಿಂದಿನದು ಅನ್ನೋದಕ್ಕೆ ಇಷ್ಟು ಸಾಕು.

ಕಲ್ಲಿನ ಕೆಲಸವಾದರೂ ಮುಗಿದು ಹೋದದ್ದೇ? ಸಂಗನಕಲ್ಲಿನಲ್ಲಿ ಕರಿಕಲ್ಲನ್ನು ಒಡೆದು, ಕುಟ್ಟಿ, ಬಂಡೆಯ ಮೇಲೆ ಉಜ್ಜಿ ಕೊಡಲಿ ಮಾಡುತ್ತಿದ್ದರು. ಸವೆದು ನುಣುಪಾದ ಬೀಸುವ ಕಲ್ಲನ್ನು ಮತ್ತೆ ಕುಟ್ಟಿ ತರಿ ಮಾಡಿಕೊಡುತ್ತಾ ಊರೂರು ತಿರುಗುತ್ತಿದ್ದವರ ಕೈಯ ಲೆಕ್ಕವೂ ಅದೇ: ಎಲ್ಲಿ ಹೊಡೆದರೆ ಎಷ್ಟು ಎದ್ದೀತು ಅನ್ನೋ ಲೆಕ್ಕ. ಆ ತಿಳಿವಳಿಕೆ ಸಂಗ್ರಹಾಲಯದಲ್ಲಿ 'ತಂತ್ರಜ್ಞಾನ' ಅನ್ನಿಸಿಕೊಳ್ಳುತ್ತೆ, ಬೀದಿಯಲ್ಲಿ ಕೂಲಿ ಅನ್ನಿಸಿಕೊಳ್ಳುತ್ತೆ.

4

ಹೆಣೆದವರ ಹೆಸರು ಗೊತ್ತಿಲ್ಲ, ಅದಕ್ಕೆ ಬರೆದಿಲ್ಲ ಅಂತ ಹೇಳುವವರಿದ್ದಾರೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಿ. 949-50ರ ಸುಮಾರಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಜೊತೆ ಹೋರಾಡಿ ಸತ್ತ ನಾಯಿಯ ನೆನಪಿಗೆ ನಿಲ್ಲಿಸಿದ್ದು. ನಾಯಿಯ ಹೆಸರು ಕಾಳಿ. ಸಾವಿರ ವರ್ಷದ ಮೇಲೂ ಆ ಹೆಸರು ನಮಗೆ ಗೊತ್ತು. ಒಡೆಯ ಬರೆಸಿದ, ಉಳಿಯಿತು. ಕಾಳಿಯ ಬಗ್ಗೆ ನನಗೆ ಜಗಳವಿಲ್ಲ. ಆದರೆ ಮೊನ್ನೆಮೊನ್ನೆ ಬದುಕಿದ್ದವರಿಂದ ಕೊಂಡ ಬುಟ್ಟಿಗೂ ಹೆಸರಿಲ್ಲ ಅಂದರೆ ಅದು ಸಾಕ್ಷಿಯ ಕೊರತೆ ಅಲ್ಲ, ಕೇಳುವ ಮನಸ್ಸಿನ ಕೊರತೆ.

ಇವರು ಮಾತಿಲ್ಲದವರೂ ಅಲ್ಲ. ಹನ್ನೆರಡನೇ ಶತಮಾನದ ಮೇದರ ಕೇತಯ್ಯ ಗವರೇಶ್ವರ ಅನ್ನೋ ಅಂಕಿತದಲ್ಲಿ ವಚನ ಬರೆದವನು. ಹುಲ್ಲಿನ ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನೂ ವಚನಕಾರ. ಅವರ ವಚನ ಸಾಹಿತ್ಯ ಚರಿತ್ರೆಯಲ್ಲಿದೆ, ಅವರ ಕಸುಬು ಜಾತಿ ಸಂಪುಟದಲ್ಲಿದೆ.

5

ಬುಟ್ಟಿಗೆ ಕಾಲ ಕೊಡೋದು ಅಂದರೆ ಬಿದಿರಿನ ಚರಿತ್ರೆ ಬರೆಯೋದು. 1927ರ ಅರಣ್ಯ ಕಾಯಿದೆ ಹುಲ್ಲಿನ ಜಾತಿಯ ಬಿದಿರನ್ನು ಮರ ಅಂತ ಕರೆಯಿತು. ಮೇದರು ಹಸಿ ಬಿದಿರಿಗೆ ಪರದಾಡುತ್ತಿದ್ದಾಗ ದಾಂಡೇಲಿಯ ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಸರ್ಕಾರ ಬಿದಿರು ಕೊಟ್ಟಿತು. 1970ರ ದಶಕದಲ್ಲಿ ಬಿದಿರು ಮೆಳೆಗಳು ಬರಿದಾದದ್ದನ್ನು ಮಾಧವ ಗಾಡ್ಗೀಳರು ಅಧ್ಯಯನ ಮಾಡಿ ತೋರಿಸಿದರು. ಬುಟ್ಟಿಯಾಗಬೇಕಿದ್ದ ಬಿದಿರು ಕಾಗದವಾಯಿತು. ಆ ಕಾಗದದ ಮೇಲೆ ಬರೆದ ಚರಿತ್ರೆಯಲ್ಲಿ ಬುಟ್ಟಿ ಹೆಣೆಯುವವರಿಗೆ ಜಾಗ ಸಿಗಲಿಲ್ಲ.

ಕೊರಚರ ಕಥೆ ಇನ್ನೂ ಕ್ರೂರ. ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು, ಬುಟ್ಟಿ ಹೆಣೆದು ಮಾರುತ್ತಾ ತಿರುಗುತ್ತಿದ್ದವರ ವ್ಯಾಪಾರವನ್ನು ರೈಲು ನುಂಗಿತು. 1871ರಲ್ಲಿ ಉತ್ತರದಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರಲ್ಲಿ ಮದರಾಸಿಗೂ ಬಂದು, ಅವರನ್ನು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿತು. ಅದು ರದ್ದಾದದ್ದು 1952ರಲ್ಲಿ. ಒಂದು ಕುಕ್ಕೆಯ ಚೀಟಿಯಲ್ಲಿ ಈ ಇಸವಿಗಳು ಯಾಕಿರಬಾರದು?

ಮದ್ದೂರು, ಮಳವಳ್ಳಿ ಕಡೆ ರೇಷ್ಮೆ ಹುಳು ಗೂಡು ಕಟ್ಟಿದ್ದು ಬಿದಿರಿನ ಚಂದ್ರಿಕೆಯ ಮೇಲೆ. ಈಗ ಪ್ಲಾಸ್ಟಿಕ್ಕಿನ ನೇತ್ರಿಕೆ ಬಂದಿದೆ. ಮಂಕರಿಯ ಜಾಗಕ್ಕೆ ಪ್ಲಾಸ್ಟಿಕ್ ಬಾಂಡಲಿ ಬಂದಿದೆ. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಅಂತ ಒಪ್ಪಿತು. 2017ರಲ್ಲಿ ಕಾಡಿನ ಹೊರಗೆ ಬೆಳೆದ ಬಿದಿರು ಮರದ ಪಟ್ಟಿಯಿಂದ ಹೊರಬಂತು. ಅಷ್ಟು ಹೊತ್ತಿಗೆ ಗಿರಾಕಿಯೇ ಹೋಗಿದ್ದ. ಗೌರಿ ಹಬ್ಬದ ಬಾಗಿನಕ್ಕೆ ಮಾತ್ರ ಇನ್ನೂ ಬಿದಿರಿನ ಮೊರವೇ ಆಗಬೇಕು. ಅರಿಶಿನ ಕುಂಕುಮ ಹಚ್ಚಿದ ಮೊರ ದೇವರ ಮುಂದೆ ಹೋಗುತ್ತೆ. "ಮೊರ ಬೇಕೇನವ್ವೋ" ಅಂತ ಕೂಗುತ್ತಾ ಬಂದವಳು ಹೊಸ್ತಿಲ ಆಚೆಗೇ ನಿಂತಿರುತ್ತಾಳೆ.

6

ಇಲ್ಲಿ ಒಂದು ಎಚ್ಚರ ಬೇಕು. ಕುಲಕಸುಬು ಉಳಿಸಿ ಅಂತ ಹಾಡುವವರ ಜೊತೆ ನಾವು ಸೇರಬಾರದು. ಜಾತಿ ಕೆಲಸವನ್ನಷ್ಟೇ ಹಂಚೋದಿಲ್ಲ, ಕೆಲಸಗಾರರನ್ನೇ ಹೋಳು ಮಾಡುತ್ತೆ ಅನ್ನೋದನ್ನು ಅಂಬೇಡ್ಕರ್ 1936ರಲ್ಲೇ ತೋರಿಸಿಕೊಟ್ಟರು. ಕರ್ನಾಟಕದ ಸರ್ಕಾರಿ ಪಟ್ಟಿಯಲ್ಲಿ ಕೊರಮ, ಕೊರಚರು ಪರಿಶಿಷ್ಟ ಜಾತಿ, ಮೇದರು ಪರಿಶಿಷ್ಟ ಪಂಗಡ. ಅವರ ಮಕ್ಕಳು ಬಿದಿರು ಸೀಳೋದು ಬಿಟ್ಟು ಓದಿದರೆ ಅದು ನಷ್ಟವಲ್ಲ. ಆದರೆ ಕೆಲಸ ಬಿಟ್ಟವರಿಗೂ ಆ ಕೆಲಸದ ಚರಿತ್ರೆಯ ಮೇಲೆ ಹಕ್ಕಿದೆ. ಬಂಧನ ಹೋಗಬೇಕು, ಅರಿವಿನ ಲೆಕ್ಕ ಉಳಿಯಬೇಕು.

ಬೇರೆ ಕಡೆ ಈ ಹಕ್ಕಿನ ಮಾತು ನಡೆದಿದೆ. ಅಮೆರಿಕದಲ್ಲಿ 1990ರ ಒಂದು ಕಾಯಿದೆ ಮೂಲನಿವಾಸಿಗಳ ಅಸ್ಥಿಗಳನ್ನೂ ಸಮಾಧಿಯ ಮತ್ತು ಪವಿತ್ರ ವಸ್ತುಗಳನ್ನೂ ಅವರಿಗೇ ಹಿಂತಿರುಗಿಸುವ ದಾರಿ ಮಾಡಿತು. ಗುಜರಾತಿನ ತೇಜಗಢದ ಆದಿವಾಸಿ ಅಕಾಡೆಮಿ ತನ್ನ ಸಂಗ್ರಹಾಲಯಕ್ಕೆ 'ವಾಚಾ', ಅಂದರೆ ಮಾತು, ಅಂತ ಹೆಸರಿಟ್ಟಿತು. ನಾವು ಕೇಳುವುದು ಅಷ್ಟೇನೂ ದೊಡ್ಡದಲ್ಲ. ಕಲ್ಲುಕೊಡಲಿ ಮತ್ತು ಮೊರ ಒಂದೇ ಕೋಣೆಗೆ ಬರಲಿ. ಬುಟ್ಟಿಯ ಚೀಟಿಯಲ್ಲಿ ಹೆಣೆದವರ ಹೆಸರು, ಊರು, ಕೊಂಡ ವರ್ಷ, ಕೊಟ್ಟ ಬೆಲೆ ಇರಲಿ. ಬಿದಿರು ಎಲ್ಲಿಂದ ಬಂತು, ಅದನ್ನು ತರೋಕೆ ಯಾರ ಅಪ್ಪಣೆ ಬೇಕಿತ್ತು ಅಂತ ಬರೆಯಲಿ. ಆ ಚೀಟಿ ಬರೆಯುವ ಮೊದಲು ಮೊರ ಹೆಣೆದವಳನ್ನು ಹೊಸ್ತಿಲ ಒಳಗೆ ಕರೆದು, ಕೂರಿಸಿ, ಕೇಳಲಿ.