ಅಪ್ಪನ ಗುಳಿಗೆ, ಅಮ್ಮನ ಕೋಳಿಗೂಡು

ಇಲ್ಲಿ ಏನಾದರೂ ಬರೆದು ಎರಡು ತಿಂಗಳ ಮೇಲಾಯ್ತು. ನಡುವೆ ರಜೆ ಹಾಕಿ ಊರಿಗೆ ಹೋಗಿದ್ದೆ. ಹೋದವನು ಇಲಿಗಳ ಹಿಂದೆ ಬಿದ್ದೆ. ನಗಬೇಡಿ, ನಿಜವಾಗಿಯೂ ಇಲಿಗಳೇ :)

ವಿಷಯ ಏನಪ್ಪಾ ಅಂದ್ರೆ, ನಮ್ಮಮ್ಮ ಹಿತ್ತಲಲ್ಲಿ ಏಳೆಂಟು ನಾಟಿ ಕೋಳಿ ಸಾಕಿದ್ದಾರೆ. ಈ ಸಲ ಒಂದು ಹೇಂಟೆ ಕಾವಿಗೆ ಕೂತು ಹನ್ನೊಂದು ಮರಿ ಮಾಡಿತ್ತು. ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ನಾಲ್ಕೇ ಮರಿ. ಮೂಲೆಯಲ್ಲಿ ಮುಷ್ಟಿ ಹೋಗುವಷ್ಟು ದೊಡ್ಡ ಬಿಲ, ಹೊರಗೆ ರಾಶಿ ಹಸಿಮಣ್ಣು. ಹೆಗ್ಗಣ. ಅಮ್ಮ ತಲೆ ಮೇಲೆ ಕೈ ಹೊತ್ತು ಕೂತರು. ಅವತ್ತೇ ಪೇಟೆಯಿಂದ ಇಲಿ ಕೇಕ್ ತಂದು ಬಿಲದ ಬಾಯಿಗೆ ಇಟ್ಟದ್ದಾಯ್ತು.

ಒಂದು ವಾರದಲ್ಲಿ ಮೂರು ಹೆಗ್ಗಣ ಸತ್ತವು. ಹತ್ತನೇ ದಿನ ನಮ್ಮ ಬೆಕ್ಕು ಊಟ ಬಿಟ್ಟಿತು. ಒಸಡಿನಲ್ಲಿ ರಕ್ತ. ಪಶುವೈದ್ಯರ ಹತ್ತಿರ ಒಯ್ಯುವಷ್ಟರಲ್ಲಿ ತಡವಾಗಿತ್ತು. "ಪಾಷಾಣ ತಿಂದ ಇಲಿ ತಿಂದಿರಬೇಕು. ಒಳಗೇ ರಕ್ತ ಸೋರಿದೆ. ಮೊದಲೇ ತಂದಿದ್ದರೆ ವಿಟಮಿನ್ ಕೆ ಕೊಟ್ಟು ನೋಡಬಹುದಿತ್ತು" ಅಂದರು ಅವರು.

ರಾತ್ರಿ ಊಟಕ್ಕೆ ಕೂತಾಗ ಇದನ್ನ ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಹೃದಯದ ಕವಾಟ ಬದಲಿಸಿ ಆರು ವರ್ಷ ಆಯ್ತು. ದಿನಾ ಸಂಜೆ ಒಂದು ವಾರ್ಫರಿನ್ ಗುಳಿಗೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಸೊಪ್ಪು ಒಂದು ದಿನ ಹೆಚ್ಚು, ಒಂದು ದಿನ ಕಮ್ಮಿ ತಿನ್ನಬೇಡಿ ಅಂತ ಡಾಕ್ಟರು ಹೇಳಿದ್ದಾರೆ, ಅದರಲ್ಲಿ ವಿಟಮಿನ್ ಕೆ ಇದೆಯಂತೆ. ಅಪ್ಪ ಗುಳಿಗೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: "ವಿಟಮಿನ್ ಕೆ ಅಂದ್ರಾ? ಹಾಗಾದ್ರೆ ನಾನು ತಿನ್ನೋದೂ ಅದೇ ಏನೋ?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕೇಕಿನ ಪೊಟ್ಟಣದ ಮೇಲೆ ಬ್ರೊಮಾಡಿಯೊಲೋನ್ ಅಂತಿತ್ತು. ಹುಡುಕುತ್ತಾ ಹೋದೆ. ಅಪ್ಪನ ಗುಳಿಗೆಯೂ ಅಮ್ಮನ ಇಲಿ ಕೇಕೂ ಒಂದೇ ವಂಶದವು! ಅಲ್ಲಿಂದ ಶುರುವಾದದ್ದು ಈ ಇಲಿ ಪುರಾಣ.

ಇಲಿ ಅಂದರೆ ನಮ್ಮ ಹಿರಿಯರಿಗೆ ಬರೀ ಕಾಳು ತಿನ್ನೋ ಪ್ರಾಣಿ ಆಗಿರಲಿಲ್ಲ. "ಇಲಿ ಬಿತ್ತು" ಅನ್ನೋ ಮಾತು ಕೇಳಿದ್ದೀರಾ? ನನ್ನಜ್ಜಿ ಹೇಳುತ್ತಿದ್ದರು. ಸೂರಿನಿಂದ ಇಲಿ ತಾನಾಗಿ ಸತ್ತು ಬಿತ್ತು ಅಂದ್ರೆ ಪ್ಲೇಗು ಬಂತು ಅಂತ. ಒಡನೆ ಪಾತ್ರೆ ಪಡಗ ಹೊತ್ತುಕೊಂಡು ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಪ್ಲೇಗು ಮುಂಬೈಗೆ ಬಂದದ್ದು 1896ರಲ್ಲಿ, ಬೆಂಗಳೂರಿಗೆ 1898ರಲ್ಲಿ. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯ, ರೋಗವನ್ನು ಇಲಿಯಿಂದ ಇಲಿಗೆ ದಾಟಿಸುವುದು ಚಿಗಟ ಅಂತ ಪ್ರಯೋಗ ಮಾಡಿ ತೋರಿಸಿದ. ಆಗ ಯಾರೂ ಅವನ ಮಾತನ್ನು ಹೆಚ್ಚು ನಂಬಲಿಲ್ಲ. 1905ರ ನಂತರ ಮುಂಬೈಯಲ್ಲಿ ನಡೆದ ಪ್ರಯೋಗಗಳು ಅವನು ಹೇಳಿದ್ದೇ ಸರಿ ಅಂದವು. ಚಿಗಟದ ವಿಚಾರ ನಮ್ಮಜ್ಜಿಗೆ ಗೊತ್ತಿರಲಿಲ್ಲ. ಆದರೆ ಇಲಿ ಬಿದ್ದ ಮನೆಯಲ್ಲಿ ಇರಬಾರದು ಅನ್ನೋದು ಗೊತ್ತಿತ್ತು.

ಇಲಿಯಿಂದ ಪ್ಲೇಗು ಅಂತ ಗೊತ್ತಾದ ಮೇಲೆ ಸರ್ಕಾರಗಳು ಇಲಿ ಕೊಲ್ಲಲು ಹೊರಟವು. ಇದರಲ್ಲಿ ಭಲೇ ತಮಾಷೆಯದು ಹನೋಯ್ ಕಥೆ. ವಿಯೆಟ್ನಾಂ ಆಗ ಫ್ರೆಂಚರ ಕೈಯಲ್ಲಿತ್ತು. ಅವರು ತಮ್ಮ ಬಡಾವಣೆಗೆ ಅಂದವಾದ ಒಳಚರಂಡಿ ಕಟ್ಟಿಸಿದರು, ಇಲಿಗಳು ಅದರೊಳಗೆ ಸುಖವಾಗಿ ಸಂಸಾರ ಹೂಡಿದವು. 1902ರಲ್ಲಿ ಕೂಲಿಯವರನ್ನು ಚರಂಡಿಗೆ ಇಳಿಸಿದರು. ಒಂದೇ ದಿನಕ್ಕೆ 20,000 ಇಲಿ ಕೊಂದ ಲೆಕ್ಕವೂ ಇದೆ. ಆದರೂ ಇಲಿ ಮುಗಿಯಲಿಲ್ಲ. ಆಮೇಲೆ ಊರಿನವರಿಗೆಲ್ಲ ಇನಾಮು ಸಾರಿದರು: ಬಾಲ ತಂದು ಕೊಡಿ, ಕಾಸು ತಗೊಳ್ಳಿ. ಬಾಲಗಳೇನೋ ರಾಶಿ ರಾಶಿ ಬಂದವು. ಆದರೆ ಬೀದಿಯಲ್ಲಿ ಬಾಲವಿಲ್ಲದ ಇಲಿಗಳು ಓಡಾಡುತ್ತಿದ್ದವು! ಬಾಲ ಕತ್ತರಿಸಿ ಇಲಿಯನ್ನು ಮರಿ ಹಾಕಲು ಬಿಟ್ಟುಬಿಡುತ್ತಿದ್ದರು ಜನ. ಊರಾಚೆ ಇಲಿ ಸಾಕುವ ಕೊಟ್ಟಿಗೆಗಳೂ ಸಿಕ್ಕವು. ಇನಾಮು ನಿಂತಿತು. ಮೈಕೆಲ್ ವ್ಯಾನ್ ಎಂಬ ಇತಿಹಾಸಕಾರ ಹಳೇ ಕಡತಗಳಿಂದ ಈ ಕಥೆಯನ್ನ ಹೊರತೆಗೆದದ್ದು.

ಇನ್ನು ವಿಷದ ಕಥೆ. ಶಂಖಪಾಷಾಣ ಅಂದರೆ ಆರ್ಸೆನಿಕ್. ನಾವು ಈಗಲೂ ಎಲ್ಲಾ ಇಲಿಮದ್ದಿಗೂ ಪಾಷಾಣ ಅಂತಲೇ ಅನ್ನೋದು. ಇಂಥ ವಿಷಗಳಿಗೆ ಒಂದು ದೊಡ್ಡ ತೊಡಕಿತ್ತು. ಇಲಿ ಮಹಾ ಸಂಶಯದ ಪ್ರಾಣಿ. ಹೊಸ ತಿನಿಸು ಕಂಡರೆ ಮೊದಲು ಚೂರೇ ಚೂರು ರುಚಿ ನೋಡುತ್ತೆ. ಹೊಟ್ಟೆ ಕೆಟ್ಟರೆ ಮತ್ತೆ ಆ ಕಡೆ ತಲೆ ಹಾಕಲ್ಲ.

1920ರ ದಶಕದಲ್ಲಿ ಕೆನಡಾ, ಉತ್ತರ ಅಮೆರಿಕದ ಬಯಲುಗಳಲ್ಲಿ ದನಗಳು ವಿಚಿತ್ರವಾಗಿ ಸಾಯತೊಡಗಿದವು. ಕೊಂಬು ಕತ್ತರಿಸಿದರೆ ರಕ್ತ ನಿಲ್ಲುತ್ತಿರಲಿಲ್ಲ. ಸ್ವೀಟ್ ಕ್ಲೋವರ್ ಎಂಬ ಮೇವಿನ ಗಿಡ ಬೂಸ್ಟು ಹಿಡಿದರೆ ಹೀಗಾಗುತ್ತೆ ಅಂತ ಫ್ರಾಂಕ್ ಸ್ಕೋಫೀಲ್ಡ್ ಎಂಬ ಪಶುವೈದ್ಯ ಪತ್ತೆ ಹಚ್ಚಿದ. 1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ ಹಿಮದ ಬಿರುಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಮ್ಯಾಡಿಸನ್ ವಿಶ್ವವಿದ್ಯಾಲಯಕ್ಕೆ ಬಂದ. ಗಾಡಿಯಲ್ಲಿ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು, ಜೊತೆಗೆ ಕೊಳೆತ ಮೇವು. ಅಲ್ಲಿದ್ದ ಕಾರ್ಲ್ ಪಾಲ್ ಲಿಂಕ್ ಎಂಬ ವಿಜ್ಞಾನಿ "ಈ ಮೇವು ಹಾಕಬೇಡ" ಅಂತಷ್ಟೇ ಹೇಳಲು ಸಾಧ್ಯವಾಯ್ತು. ಪಾಪ, ಆ ರೈತನ ಹತ್ತಿರ ಬೇರೆ ಮೇವಿತ್ತೋ ಇಲ್ಲವೋ!

ಲಿಂಕ್ ಮತ್ತವನ ಶಿಷ್ಯರು ಆರು ವರ್ಷ ಆ ಮೇವಿನ ಬೆನ್ನು ಹತ್ತಿದರು. 1939ರಲ್ಲಿ ಅದರೊಳಗಿನ ವಸ್ತು ಹರಳಾಗಿ ಕೈಗೆ ಸಿಕ್ಕಿತು: ಡೈಕುಮರಾಲ್. ರಕ್ತ ಹೆಪ್ಪುಗಟ್ಟಲು ಯಕೃತ್ತಿಗೆ ವಿಟಮಿನ್ ಕೆ ಬೇಕು, ಈ ವಸ್ತು ಅದಕ್ಕೆ ಅಡ್ಡ ನಿಲ್ಲುತ್ತೆ. 1945ರಲ್ಲಿ ಲಿಂಕ್ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಇಲಿ ಕೊಲ್ಲುವ ವಿಧಾನಗಳ ಇತಿಹಾಸ ಓದಿದನಂತೆ. ಈ ಜಾತಿಯ ವಿಷ ಕೆಲಸ ಮಾಡಲು ಹಲವು ದಿನ ಹಿಡಿಯುತ್ತೆ, ಹಾಗಾಗಿ ಸಂಶಯದ ಇಲಿಗೂ ತಿಂದದ್ದರಿಂದಲೇ ಹೀಗಾಯ್ತು ಅಂತ ತಿಳಿಯಲ್ಲ. ತಾವು ತಯಾರಿಸಿದ್ದ ವಸ್ತುಗಳ ಪಟ್ಟಿಯಲ್ಲಿ 42ನೆಯದು ಇದಕ್ಕೆ ತಕ್ಕುದಾಗಿತ್ತು. 1948ರಲ್ಲಿ ಅದು ಇಲಿಮದ್ದಾಗಿ ಅಂಗಡಿಗೆ ಬಂತು. ಸಂಶೋಧನೆಗೆ ದುಡ್ಡು ಕೊಟ್ಟ ವಿಸ್ಕಾನ್ಸಿನ್‌ನ ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ವಾರ್ಫರಿನ್ ಅಂತ ಹೆಸರಿಟ್ಟರು.

1951ರಲ್ಲಿ ಅಮೆರಿಕದ ಸೇನೆಗೆ ಸೇರಿದ್ದ ಒಬ್ಬ ಸಾಯಲೆಂದು ಇದನ್ನು ತಿಂದ. ವಿಟಮಿನ್ ಕೆ ಕೊಟ್ಟು ಉಳಿಸಿಕೊಂಡರು. ಈ ವಿಷವನ್ನು ಹತೋಟಿಯಲ್ಲಿಡಬಹುದು ಅನ್ನೋ ಧೈರ್ಯ ಬಂತು. 1954ರಲ್ಲಿ ಮನುಷ್ಯರ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಕೊಟ್ಟರು. ಈಗ ನಮ್ಮಪ್ಪನಿಗೆ.

ಇಲಿಗಳೇನು ಸುಮ್ಮನಿದ್ದವಾ? 1958ರ ಹೊತ್ತಿಗೆ ಸ್ಕಾಟ್ಲೆಂಡಿನ ಒಂದು ತೋಟದಲ್ಲಿ ವಾರ್ಫರಿನ್ ತಿಂದರೂ ಸಾಯದ ಇಲಿಗಳು ಕಂಡವು. ಅವಕ್ಕಾಗಿ ಇನ್ನೂ ಕಟು ವಿಷಗಳನ್ನು ತಂದರು, ಬ್ರೊಮಾಡಿಯೊಲೋನ್ ಅದರಲ್ಲೊಂದು. ಇವು ಸತ್ತ ಇಲಿಯ ಯಕೃತ್ತಿನಲ್ಲಿ ಬಹಳ ದಿನ ಉಳಿಯುತ್ತವೆ. ಅದನ್ನು ತಿಂದ ಗೂಬೆ, ಹದ್ದು, ಬೆಕ್ಕುಗಳಿಗೂ ದಾಟುತ್ತವೆ. ನಮ್ಮ ಬೆಕ್ಕಿನ ಕಥೆ ಇಷ್ಟೇ. ಇಲಿ ಹಿಡಿಯೋ ಪ್ರಾಣಿಯನ್ನೇ ಇಲಿ ಹೆಸರಲ್ಲಿ ಕೊಂದಿದ್ದೆವು.

ಇಷ್ಟೆಲ್ಲ ಓದಿದ ಮೇಲೆ ನನಗೆ ಉಪಯೋಗಕ್ಕೆ ಬಂದದ್ದು ಬಾಲ್ಟಿಮೋರ್ ನಗರದ ಒಂದು ಸಪ್ಪೆ ಕಥೆ. ಅಲ್ಲಿ 1940ರ ದಶಕದಲ್ಲಿ ಮೊದಲು ಹೊಸ ವಿಷವೊಂದನ್ನು ಬೀದಿ ಬೀದಿಗೆ ಹಾಕಿದರು. ಆಮೇಲೆ ಡೇವಿಡ್ ಡೇವಿಸ್ ಮತ್ತು ಜೊತೆಗಾರರು ಹಿತ್ತಲು ಹಿತ್ತಲು ಸುತ್ತಿ ಇಲಿಗಳನ್ನು ಲೆಕ್ಕ ಹಾಕಿದರು. ಕೊಂದ ಕಡೆ ತಿಂಗಳುಗಳಲ್ಲಿ ಇಲಿ ಮೊದಲಿನಷ್ಟೇ ಆಗುತ್ತಿತ್ತು. ಉಳಿದವಕ್ಕೆ ತಿನ್ನಲು ಹೆಚ್ಚು ಸಿಗುತ್ತಿತ್ತಲ್ಲ! ಆದರೆ ಕಸ ತೆಗೆದು ಸಂದಿಗೊಂದಿ ಮುಚ್ಚಿದ ಕಡೆ ಕಮ್ಮಿಯಾದ ಇಲಿ ಕಮ್ಮಿಯಾಗಿಯೇ ಉಳಿಯಿತು. ಒಂದು ಜಾಗದಲ್ಲಿ ಎಷ್ಟು ಇಲಿ ಇರಬೇಕು ಅನ್ನೋದನ್ನ ನಿರ್ಧರಿಸೋದು ಅಲ್ಲಿರೋ ಅನ್ನ ಮತ್ತು ಅಡಗುದಾಣ. ನಾವು ಎಷ್ಟು ಕೊಂದೆವು ಅನ್ನೋದಲ್ಲ.

ಹಾಗಾದರೆ ಅಮ್ಮನ ಗೂಡಲ್ಲಿ ಅನ್ನ ಇಡುತ್ತಿದ್ದವರು ಯಾರು? ನಾವೇ. ನುಚ್ಚು, ಜೋಳ ರಾತ್ರಿಯಿಡೀ ತಟ್ಟೆಯಲ್ಲೇ. ಗೋಣಿಚೀಲದ ಭತ್ತ ಗೂಡಿನ ಪಕ್ಕದಲ್ಲೇ. ಹಿಂದೆ ಸೌದೆ ರಾಶಿ. ಪರರ ಮನೆಯ ನೊಣ ನೋಡುವವರ ಹಾಗೆ ಹನೋಯ್‌ನ ಫ್ರೆಂಚರನ್ನು ನೋಡಿ ನಕ್ಕಿದ್ದೆ ನಾನು, ನಮ್ಮ ಹಿತ್ತಲಲ್ಲಿ ಹೆಗ್ಗಣ ಸಾಕಿಕೊಂಡು!

ಎರಡು ದಿನ ಕೆಲಸ ಮಾಡಿದೆವು. ಕೋಳಿ ಜಾಲರಿಯ ದೊಡ್ಡ ಕಣ್ಣು ಕೋಳಿಯನ್ನು ಒಳಗಿಡುತ್ತೆ ಅಷ್ಟೇ, ಇಲಿಯನ್ನು ಹೊರಗಿಡಲ್ಲ. ಅದನ್ನು ಕಿತ್ತು ಅರ್ಧ ಇಂಚು ಕಣ್ಣಿನ ಗಟ್ಟಿ ಕಬ್ಬಿಣದ ಜಾಲರಿ ಹೊಡೆದೆವು. ಬುಡದಲ್ಲಿ ಅದನ್ನು ಹೊರಕ್ಕೆ ಒಂದಡಿ ಮಡಚಿ ಮಣ್ಣಲ್ಲಿ ಹೂತೆವು, ತೋಡುತ್ತಾ ಬಂದ ಹೆಗ್ಗಣಕ್ಕೆ ಜಾಲರಿಯೇ ಸಿಗಲಿ ಅಂತ. ಭತ್ತ ಮುಚ್ಚಳದ ತಗಡಿನ ಡ್ರಮ್ಮಿಗೆ ಹೋಯ್ತು. ಸೌದೆ ದೂರಕ್ಕೆ. ಕತ್ತಲಾಗುವ ಮೊದಲು ತಟ್ಟೆ ಎತ್ತುವುದು, ಮೊಟ್ಟೆ ಆರಿಸುವುದು ಅಮ್ಮನ ಕೆಲಸ. ಬೋನು ಇಟ್ಟೆವು, ವಿಷ ಇಡಲಿಲ್ಲ.

ಇಲಿ ಪೂರ್ತಿ ಹೋಯ್ತಾ ಅಂದ್ರೆ ಇಲ್ಲ. ಮೊನ್ನೆ ಫೋನಿನಲ್ಲಿ ಅಮ್ಮ ಅಂದರು: "ಬೇಲಿ ಹತ್ರ ಒಂದು ಓಡಾಡ್ತದೆ ಕಣೋ. ಗೂಡೊಳಗೆ ಬಂದಿಲ್ಲ. ನಾಕೂ ಮರಿ ದೊಡ್ಡವಾಗಿವೆ." ಅಪ್ಪ ಮಾತ್ರ ಗುಳಿಗೆ ಡಬ್ಬಿಯನ್ನು ಈಗ ಬೀರುವಿನ ಮೇಲಿನ ಅರೆಯಲ್ಲಿ ಇಡುತ್ತಾರಂತೆ. ಮನೆಗೆ ಹೊಸ ಬೆಕ್ಕಿನ ಮರಿ ಬಂದಿದೆ, ಎಲ್ಲಿ ನೆಕ್ಕಿಬಿಡುತ್ತೋ ಅಂತ.

ನಿಮ್ಮ ಕಡೆ ಕೋಳಿಗೂಡಿಗೆ ಇಲಿ ಬಾರದ ಹಾಗೆ ಹಿರಿಯರು ಏನು ಮಾಡುತ್ತಿದ್ದರು? ಗೊತ್ತಿದ್ದರೆ ಬರೆಯಿರಿ. ಅಮ್ಮನಿಗೆ ಓದಿ ಹೇಳುತ್ತೇನೆ.