ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ಈಗ ಬೈಕು, ಕಾರು, ಜನರೇಟರ್: ಹಳೆಯ ದೊಡ್ಡ ಮನೆ ಇದಕ್ಕೆ ಸುರಕ್ಷಿತವೇ?

ಹಳೆಯ ಮಣ್ಣಿನ ಮನೆಗಳ ಫೋಟೊ ಜೊತೆ ಬರುವ ಫಾರ್ವರ್ಡ್‌ಗಳನ್ನು ನೀವೂ ನೋಡಿರುತ್ತೀರಿ. ಇಂಥ ಮನೆಗೆ ಎಸಿ ಬೇಕಿಲ್ಲ, ಗೋಡೆಗಳು ಉಸಿರಾಡುತ್ತವೆ, ಒಳಗೆ ಕೆಟ್ಟ ಗಾಳಿ ನಿಲ್ಲುವುದೇ ಇಲ್ಲ ಎಂಬುದು ಅವುಗಳ ಸಾರ. ಮೊದಲ ಮಾತು ಬಹುಮಟ್ಟಿಗೆ ನಿಜ. ದಪ್ಪ ಮಣ್ಣಿನ ಗೋಡೆ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹಾಗಾಗಿ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲೂ ಒಳಗೆ ತಂಪು. ಎರಡನೆಯದು ಅರ್ಧ ಸತ್ಯ. ಮಣ್ಣಿನ ಗೋಡೆ ತೇವ ಹೀರಿ ಬಿಡುತ್ತದೆ, ಅಷ್ಟೇ. ಮೂರನೆಯದು ತಪ್ಪು. ಮನೆಯೊಳಗೆ ಬೈಕು, ಕಾರು ನಿಲ್ಲಿಸುವವರು ಅದನ್ನು ನಂಬಿದರೆ ಜೀವಕ್ಕೇ ಅಪಾಯ.

ಎಂಜಿನ್ ಬಂದ್ ಆಗಿರುವ ಬೈಕನ್ನು ರಾತ್ರಿ ಒಳಗೆ ನಿಲ್ಲಿಸುವುದು ಬೇರೆ, ಒಳಗೇ ಎಂಜಿನ್ ಚಾಲು ಮಾಡುವುದು ಬೇರೆ. ಮೊದಲನೆಯದರ ಅಪಾಯವನ್ನು ಜಾಗ್ರತೆಯಿಂದ ಕಡಿಮೆ ಮಾಡಬಹುದು. ಎರಡನೆಯದನ್ನು ಒಂದು ನಿಮಿಷದ ಮಟ್ಟಿಗೂ ಮಾಡಬಾರದು. ಯಾಕೆಂದು ನೋಡೋಣ.

ಮುಂಡರಗಿ ಕಡೆಯ ಮನೆ

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಸುತ್ತಿನ ಹಳೆಯ ಒಕ್ಕಲುತನದ ಮನೆ ಹೇಗಿರುತ್ತದೆ ಎಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಇಷ್ಟು ಹೇಳುತ್ತೇವೆ. ದೊಡ್ಡ ಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಜಾಗ, ಅದರ ಬದಿಗೆ ಗ್ವಾದಲಿ. ಅಲ್ಲಿಂದ ಒಂದೆರಡು ಮೆಟ್ಟಿಲಷ್ಟು ಎತ್ತರದಲ್ಲಿ ಪಡಸಾಲೆ, ಅದರಾಚೆ ಅಡುಗೆಮನೆ ಮತ್ತು ದೇವರ ಕೋಣೆ. ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಕಿಟಕಿ ಕಡಿಮೆ ಅಥವಾ ಇಲ್ಲವೇ ಇಲ್ಲ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ, ಮಳೆ ಬಂದರೆ ಅದಕ್ಕೂ ಮುಚ್ಚಳ.

ಅಮೆರಿಕದ ಮನೆ ಮಾರಾಟದ ಜಾಹೀರಾತುಗಳಲ್ಲಿ ‘ಆರ್‌ವಿ ನಿಲ್ಲಿಸಲು ಜಾಗವಿದೆ’ ಎಂಬುದನ್ನು ದೊಡ್ಡ ಹೆಗ್ಗಳಿಕೆಯಾಗಿ ಹಾಕುತ್ತಾರೆ. ಆರ್‌ವಿ ಎಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಪ್ರವಾಸದ ವಾಹನ, ನಾವು ಕ್ಯಾರವಾನ್ ಎನ್ನುತ್ತೇವಲ್ಲ, ಅದು. ಈ ಲೆಕ್ಕದಲ್ಲಿ ನಮ್ಮ ಕಡೆಯ ಮನೆಗಳು ಹಿಂದೆ ಬಿದ್ದಿರಲಿಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೋ ತುಂಗಭದ್ರೆಯ ಆಚೆಗಿನ ಮೈಲಾರದ ಜಾತ್ರೆಗೋ ಬುತ್ತಿ ಕಟ್ಟಿಕೊಂಡು, ಮಕ್ಕಳು ಮುದುಕರೆಲ್ಲ ಚಕ್ಕಡಿ ಹತ್ತಿ, ರಾತ್ರಿ ಅದರಲ್ಲೇ ಮಲಗಿ ಹೋಗಿಬರುತ್ತಿದ್ದರು. ಊರಿಗೆ ಮರಳಿದ ಮೇಲೆ ಎತ್ತು ಒಳಗೆ, ಚಕ್ಕಡಿ ಅಂಗಳದಲ್ಲಿ. ಮನೆಯ ಮುಂಭಾಗ ಅಷ್ಟು ದೊಡ್ಡದಿರುತ್ತಿದ್ದುದೇ ಇದಕ್ಕೆಲ್ಲ.

ಈಗ ಎತ್ತುಗಳು ಕಡಿಮೆಯಾಗಿವೆ. ಖಾಲಿಯಾದ ಜಾಗಕ್ಕೆ ಮೊದಲು ಬೈಕು ಬಂತು. ಆಮೇಲೆ ಔಷಧ ಹೊಡೆಯುವ ಪೆಟ್ರೋಲ್ ಪಂಪು, ಕರೆಂಟು ಹೋದಾಗ ಬೇಕಾಗುವ ಜನರೇಟರ್, ಈಗ ವಿದ್ಯುತ್ ಸ್ಕೂಟರ್. ಬಾಗಿಲು ಅಗಲವಿದ್ದರೆ ಕಾರೂ ಬರುತ್ತದೆ. ಕಳವಿನ ಭಯ, ಬಿಸಿಲು, ಮಳೆ ಎಲ್ಲವೂ ನಿಜವಾದ ಕಾರಣಗಳೇ. ಬೈಕು ಒಳಗೆ ತರಲೇಬೇಡಿ ಎಂದು ಬರೆಯುವುದು ನಮಗೆ ಸುಲಭ. ಕಳುವಾದ ಬೈಕಿನ ಕಂತು ಕಟ್ಟಬೇಕಾದವರು ನಾವಲ್ಲವಲ್ಲ.

ಹಗೇವಿನ ದೀಪ ಇಲ್ಲಿ ಕೆಲಸ ಮಾಡುವುದಿಲ್ಲ

ಈ ಭಾಗದ ಹಿರಿಯರಿಗೆ ಕೆಟ್ಟ ಗಾಳಿಯ ವಿಷಯ ಚೆನ್ನಾಗಿ ಗೊತ್ತಿತ್ತು. ಜೋಳ ತುಂಬಿಡುವ ಹಗೇವನ್ನು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮಾತ್ರ ಇಳಿಯುವುದು ರೂಢಿ. ಇದರ ಹಿಂದೆ ಸರಿಯಾದ ವಿಜ್ಞಾನವಿದೆ. ಮುಚ್ಚಿದ ಗುಂಡಿಯಲ್ಲಿ ಕಾಳೂ ಉಸಿರಾಡುತ್ತದೆ, ಅದರೊಳಗಿನ ಹುಳ ಮತ್ತು ಬೂಷ್ಟೂ ಉಸಿರಾಡುತ್ತವೆ. ಆಮ್ಲಜನಕ ಖರ್ಚಾಗಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ತಳದಲ್ಲೇ ಉಳಿಯುತ್ತದೆ. ಗಾಳಿಯಲ್ಲಿ ಸಾಮಾನ್ಯವಾಗಿ ಶೇ 21ರಷ್ಟು ಇರುವ ಆಮ್ಲಜನಕ ಶೇ 16ರ ಆಸುಪಾಸಿಗೆ ಇಳಿದರೆ ದೀಪ ಆರುತ್ತದೆ. ದೀಪ ಉರಿದ ಮಾತ್ರಕ್ಕೆ ಪೂರ್ತಿ ಸುರಕ್ಷಿತ ಎನ್ನಲಾಗದು. ಆದರೆ ದೀಪ ಆರಿದ ಜಾಗಕ್ಕೆ ಇಳಿದವರು ಬದುಕುವುದು ಕಷ್ಟ.

ಎಂಜಿನ್ ಬಿಡುವ ಕಾರ್ಬನ್ ಮೊನಾಕ್ಸೈಡ್ ಬೇರೆಯೇ ವಿಷ. ಹೆಸರು ಹತ್ತಿರ ಹತ್ತಿರ ಇದ್ದರೂ ಕೆಲಸದಲ್ಲಿ ಹೋಲಿಕೆಯೇ ಇಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ಆಮ್ಲಜನಕ ಬೇಕಾದಷ್ಟು ಇರುತ್ತದೆ, ದೀಪವೂ ಚೆನ್ನಾಗಿ ಉರಿಯುತ್ತಿರುತ್ತದೆ. ಆದರೆ ಮಲಗಿದವರ ರಕ್ತಕ್ಕೆ ಆ ಆಮ್ಲಜನಕವನ್ನು ಹೊರುವ ಶಕ್ತಿ ಇರುವುದಿಲ್ಲ. ಗಾಳಿಯ ಸಾವಿರ ಭಾಗದಲ್ಲಿ ಒಂದೇ ಭಾಗ ಕಾರ್ಬನ್ ಮೊನಾಕ್ಸೈಡ್ ಇದ್ದರೂ ಕೆಲವು ಗಂಟೆಗಳಲ್ಲಿ ಜೀವ ಹೋಗಬಹುದು. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ದನದ ಗಂಜಲದ ಅಮೋನಿಯಾ ಮೂಗಿಗೆ ಬಡಿದರೆ ಎದ್ದು ಕಸ ಬಳಿಯುತ್ತೇವೆ. ಇಲ್ಲಿ ಎಬ್ಬಿಸುವವರು ಯಾರೂ ಇಲ್ಲ.

ದೀಪದ ಪರೀಕ್ಷೆಯಲ್ಲಿ ಇನ್ನೊಂದು ತೊಂದರೆಯಿದೆ. ಪೆಟ್ರೋಲ್ ಇರುವಲ್ಲಿ, ಗೋಬರ್ ಗ್ಯಾಸ್ ಗುಂಡಿಯ ಹತ್ತಿರ ದೀಪ ಹಿಡಿದರೆ ಬೆಂಕಿಯೇ ಹತ್ತಬಹುದು.

‘ಬೆಳಕಿಂಡಿ ಇದೆಯಲ್ಲ, ಹೊಗೆ ಹೋಗುತ್ತದೆ’

ಒಲೆಯ ಹೊಗೆ ಬಿಸಿಯಾಗಿರುವುದರಿಂದ ಮೇಲೇರಿ ಬೆಳಕಿಂಡಿಯಲ್ಲಿ ಹೋಗುವುದನ್ನು ನೋಡಿದವರಿಗೆ ಹೀಗೆ ಅನ್ನಿಸುವುದು ಸಹಜ. ಕಾರ್ಬನ್ ಮೊನಾಕ್ಸೈಡ್ ಗಾಳಿಗಿಂತ ತುಸು ಹಗುರ ಎಂಬುದೂ ನಿಜ. ಆದರೆ ಆ ವ್ಯತ್ಯಾಸ ಬಹಳ ಚಿಕ್ಕದು. ಹಾಗಾಗಿ ಅದು ಮೇಲೆ ಹೋಗಿ ನಿಲ್ಲುವುದಿಲ್ಲ, ಕೆಳಗೂ ಇಳಿಯುವುದಿಲ್ಲ, ಮನೆಯ ಗಾಳಿಯಲ್ಲೆಲ್ಲ ಬೆರೆಯುತ್ತದೆ. ಪಡಸಾಲೆ ಎರಡು ಮೆಟ್ಟಿಲು ಎತ್ತರದಲ್ಲಿದೆ ಎಂಬುದೂ ರಕ್ಷಣೆಯಲ್ಲ.

ಬಾಗಿಲು ತೆರೆದಿಟ್ಟರೆ? ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನೇ ಅಳೆದು ನೋಡಿದ್ದಾರೆ. ಗ್ಯಾರೇಜಿನ ದೊಡ್ಡ ಬಾಗಿಲು ತೆರೆದಿಟ್ಟು ಕಾರನ್ನು ಎರಡೇ ನಿಮಿಷ ಚಾಲು ಇಟ್ಟಾಗ ಒಳಗಿನ ಕಾರ್ಬನ್ ಮೊನಾಕ್ಸೈಡ್ 500 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 500 ಭಾಗ, ತಲುಪಿತ್ತು. ಕಾರು ಹೊರಗೆ ಹೋಗಿ ಹತ್ತು ಗಂಟೆ ಕಳೆದ ಮೇಲೂ ಅದು ಅಳೆಯುವಷ್ಟು ಉಳಿದಿತ್ತು. ಹೋಲಿಕೆಗೆ, ಒಂದು ಗಂಟೆಯ ಮಟ್ಟಿಗೆ ಮನೆಯೊಳಗೆ ಸುಮಾರು 30 ಪಿಪಿಎಂ ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ.

ಬೆಳಗಿನ ಜಾವ ಎಂಜಿನ್ ಬಿಸಿಯಾಗಲಿ ಎಂದು ಒಳಗೇ ಚಾಲು ಮಾಡಿಟ್ಟು ಚಹಾ ಕುಡಿಯಲು ಹೋಗುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಈಗಿನ ಪೆಟ್ರೋಲ್ ವಾಹನಗಳ ಸೈಲೆನ್ಸರ್ ದಾರಿಯಲ್ಲಿ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಆದರೆ ಚೆನ್ನಾಗಿ ಕಾದ ಮೇಲಷ್ಟೇ ಅದು ಕೆಲಸ ಮಾಡುವುದು. ತಣ್ಣಗಿರುವ ಎಂಜಿನ್ನೇ ಹೆಚ್ಚು ವಿಷ ಬಿಡುತ್ತದೆ. ಬಿಎಸ್-6 ಬೈಕು, ಏನೂ ಆಗುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ಜನರೇಟರ್, ಪೆಟ್ರೋಲ್ ಪಂಪುಗಳಂಥ ಚಿಕ್ಕ ಎಂಜಿನ್‌ಗಳಲ್ಲಿ ಈ ಸೌಲಭ್ಯ ಸಾಮಾನ್ಯವಾಗಿ ಇರುವುದೇ ಇಲ್ಲ.

ಡೀಸೆಲ್ ಪರವಾಗಿಲ್ಲ ಎಂಬ ಮಾತಿಗೂ ಮಿತಿಯಿದೆ. ಡೀಸೆಲ್ ಎಂಜಿನ್ ಕಾರ್ಬನ್ ಮೊನಾಕ್ಸೈಡನ್ನು ಕಡಿಮೆ ಬಿಡುತ್ತದೆ, ಬಿಡುವುದೇ ಇಲ್ಲ ಎಂದಲ್ಲ. ಜೊತೆಗೆ ಅದರ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಖಚಿತಪಡಿಸಿದೆ.

ಕುಂಡದಲ್ಲಿ ಗಿಡ ಇಟ್ಟರೆ ವಿಷಗಾಳಿ ಹೀರುತ್ತದೆ, ನಾಸಾ ಹೇಳಿದೆ ಎಂಬ ಫಾರ್ವರ್ಡ್ ಕೂಡ ಇಲ್ಲಿ ಬಂದೇ ಬರುತ್ತದೆ. ನಾಸಾದ 1989ರ ಆ ಪ್ರಯೋಗ ನಡೆದದ್ದು ಗಾಳಿಯಾಡದ ಸಣ್ಣ ಪೆಟ್ಟಿಗೆಗಳಲ್ಲಿ. ಇಂಥ ಅನೇಕ ಪ್ರಯೋಗಗಳನ್ನು 2019ರಲ್ಲಿ ಒಟ್ಟಿಗೆ ಪರಿಶೀಲಿಸಿದವರು, ನಿಜವಾದ ಕಟ್ಟಡದಲ್ಲಿ ಹೊರಗಿನ ಗಾಳಿ ಬಂದುಹೋಗುವಷ್ಟು ಪರಿಣಾಮ ಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದು ಲೆಕ್ಕ ಹಾಕಿದರು. ಅಷ್ಟು ಗಿಡ ಇಟ್ಟ ಮೇಲೆ ಬೈಕಿಗೆ ಜಾಗ ಎಲ್ಲಿ?

ಕ್ಯಾರವಾನ್‌ನಲ್ಲೂ ಇದೇ

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತಿದ್ದರು. ವಾಹನದ ಜನರೇಟರ್‌ನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿತ್ತೆಂದು ಕಲ್ಲಿಕೋಟೆಯ ಎನ್‌ಐಟಿ ತಜ್ಞರು ಅದೇ ವಾಹನದಲ್ಲಿ ಪರೀಕ್ಷೆ ನಡೆಸಿ ಕಂಡುಕೊಂಡರು. ಜಾತ್ರೆಗೆ ಚಕ್ಕಡಿಯಲ್ಲಿ ಹೋದವರಿಗೆ ಈ ಭಯ ಇರಲಿಲ್ಲ. ಬಂಡಿಯ ಎರಡೂ ಕಡೆ ತೆರೆದಿರುತ್ತಿತ್ತು, ಎಂಜಿನ್ನೂ ಇರಲಿಲ್ಲ. ಈಗ ಟೆಂಪೊ, ಕಾರುಗಳಲ್ಲಿ ಹೋಗುವವರು ಗಾಜು ಏರಿಸಿ, ಎಸಿಗಾಗಿ ಎಂಜಿನ್ ಚಾಲು ಇಟ್ಟು ಮಲಗಬಾರದು. ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ವಾಹನದೊಳಗೆ ಇಟ್ಟುಕೊಳ್ಳಲೂ ಬಾರದು. ಕೆಂಡವೂ ಇದೇ ಅನಿಲ ಬಿಡುತ್ತದೆ, ಹೊಗೆ ಕಾಣದಿದ್ದರೂ.

ಇರುವುದೊಂದೇ ಬಾಗಿಲು

ಇಷ್ಟೂ ಎಂಜಿನ್ ಚಾಲು ಇದ್ದಾಗಿನ ಮಾತಾಯಿತು. ಸುಮ್ಮನೆ ನಿಂತ ವಾಹನದ ಅಪಾಯ ಬೆಂಕಿಯದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದೇ ಹರಿಯುತ್ತದೆ. ಎತ್ತು ಕಟ್ಟುವ ಜಾಗ ತಗ್ಗಿನಲ್ಲಿರುವುದರಿಂದ ಅದು ಅಲ್ಲೇ ಕೂಡುತ್ತದೆ. ಪಡಸಾಲೆಗೆ ಬೇಗ ಹತ್ತುವುದಿಲ್ಲ ಎಂಬುದು ಒಳ್ಳೆಯದೇ, ಆದರೆ ಅದೇ ತಗ್ಗಿನಲ್ಲಿ ನೀರು ಕಾಯಿಸುವ ಒಲೆ ಇರುವ ಮನೆಗಳೂ ಇವೆ. ಬೇಸಿಗೆಯಲ್ಲಿ ಟ್ಯಾಂಕ್ ತುಂಬಿಸಿದರೆ ಸ್ಫೋಟವಾಗುತ್ತದೆ ಎಂದು ಪ್ರತಿ ವರ್ಷ ಬರುವ ಸಂದೇಶ ಸುಳ್ಳು. ಕಂಪನಿ ಸೂಚಿಸಿದ ಮಿತಿಯವರೆಗೆ ಯಾವ ಕಾಲದಲ್ಲೂ ತುಂಬಿಸಬಹುದು ಎಂದು ಇಂಡಿಯನ್ ಆಯಿಲ್ ಸ್ಪಷ್ಟಪಡಿಸಿದೆ. ನಿಜವಾದ ಅಪಾಯ ಟ್ಯಾಂಕಿನದಲ್ಲ, ಸೋರುವ ಪೈಪಿನದು ಮತ್ತು ಮೂಲೆಯಲ್ಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದಿಟ್ಟ ಪೆಟ್ರೋಲಿನದು.

ವಿದ್ಯುತ್ ಸ್ಕೂಟರ್ ಹೊಗೆ ಬಿಡುವುದಿಲ್ಲ, ಆ ಮಟ್ಟಿಗೆ ವಾಸಿ. ಅದರ ಬ್ಯಾಟರಿಗೆ ಬೆಂಕಿ ಹತ್ತುವುದು ಅಪರೂಪ, ಆದರೆ ಹತ್ತಿದರೆ ಆರಿಸುವುದು ಬಹಳ ಕಷ್ಟ, ಹೊಗೆಯೂ ವಿಷ. ಸಿಕಂದರಾಬಾದಿನಲ್ಲಿ 2022ರ ಸೆಪ್ಟೆಂಬರ್ 12ರಂದು ವಿದ್ಯುತ್ ಸ್ಕೂಟರ್ ಮಳಿಗೆಗೆ ಬಿದ್ದ ಬೆಂಕಿಯ ಹೊಗೆ ಮೇಲಿನ ಹೋಟೆಲಿಗೆ ಏರಿ 8 ಮಂದಿ ಸತ್ತರು. ಅದೇ ವರ್ಷದ ಕೊನೆಯಿಂದ ಕೇಂದ್ರ ಸರ್ಕಾರ ಬ್ಯಾಟರಿಗಳ ಸುರಕ್ಷತಾ ನಿಯಮಗಳನ್ನು ಬಿಗಿ ಮಾಡಿತು. ನಮ್ಮ ಹಳೆಯ ಮನೆಯಲ್ಲಿ ಚಾರ್ಜಿಗೆ ಹಾಕುವ ಜಾಗ ಹೊರಗೆ ಹೋಗುವ ದೊಡ್ಡ ಬಾಗಿಲಿನ ಪಕ್ಕದಲ್ಲೇ ಇರುತ್ತದೆ. ಮನೆಯವರು ಮಲಗುವುದು ಅದರ ಒಳಭಾಗದಲ್ಲಿ. ರಾತ್ರಿಯಿಡೀ ಚಾರ್ಜಿಗೆ ಹಾಕಿದ ಸ್ಕೂಟರ್‌ಗೆ ಬೆಂಕಿ ಹತ್ತಿದರೆ ಇರುವ ಒಂದೇ ದಾರಿ ಬಂದ್. ಎತ್ತಿನ ಕಾಲದಲ್ಲಿ ಕಳ್ಳರನ್ನು ತಡೆಯಲೆಂದು ಮಾಡಿದ ಏರ್ಪಾಡು ಈ ಹೊತ್ತಿನಲ್ಲಿ ಉಲ್ಟಾ ಹೊಡೆಯುತ್ತದೆ. ಹಿತ್ತಲ ಬಾಗಿಲು ಇದ್ದರೆ ಅದಕ್ಕೆ ಅಡ್ಡವಾಗಿ ಚೀಲ ಪೇರಿಸಬೇಡಿ.

ಅಂಗಳ ಅಥವಾ ಹಿತ್ತಲಲ್ಲಿ, ಮನೆಯ ಗೋಡೆಗೆ ಹೊಂದಿಸದೆ, ಎರಡು ಕಡೆ ತೆರೆದ ತಗಡಿನ ಶೆಡ್ ಹಾಕಿಸಿ ಅಲ್ಲೇ ಚಾರ್ಜಿಂಗ್ ಪಾಯಿಂಟ್ ಕೊಡಿಸುವುದು ಒಳ್ಳೆಯದು. ಬೈಕು ಒಳಗೇ ಇರಬೇಕೆಂದರೆ ಎಂಜಿನ್ ಹೊರಗೇ ಬಂದ್ ಮಾಡಿ ತಳ್ಳಿಕೊಂಡು ಬನ್ನಿ, ಬೆಳಿಗ್ಗೆ ತಳ್ಳಿಕೊಂಡೇ ಹೊರಗೆ ಹೋಗಿ ಚಾಲು ಮಾಡಿ. ಜನರೇಟರ್ ಮಾತ್ರ ಮಳೆ ಬಂದರೂ ಹೊರಗೆ, ಬಾಗಿಲು ಬೆಳಕಿಂಡಿಗಳಿಂದ ದೂರದಲ್ಲಿ ಇರಲಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಂಬ ಸಣ್ಣ ಸಾಧನ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೊಳ್ಳುವಾಗ ಹೆಸರು ಸರಿಯಾಗಿ ಓದಿ, ಬರೀ ಹೊಗೆಯ ಅಲಾರಂ ಈ ಅನಿಲವನ್ನು ಗುರುತಿಸುವುದಿಲ್ಲ.

ತಲೆ ಸುತ್ತಿದರೆ

ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ ಇದರ ಮೊದಲ ಲಕ್ಷಣಗಳು. ಪಿತ್ತ ಎಂದೋ ಊಟ ಒಗ್ಗಲಿಲ್ಲ ಎಂದೋ ಸುಮ್ಮನಾಗುವುದೇ ಹೆಚ್ಚು. ಜ್ವರವಿಲ್ಲದೆ ಮನೆಯ ಎರಡು ಮೂರು ಮಂದಿಗೆ ಒಟ್ಟಿಗೇ ಹೀಗಾಗಿ, ಹೊರಗೆ ಬಂದರೆ ಕಡಿಮೆಯಾಗುತ್ತಿದ್ದರೆ ಅನುಮಾನಿಸಿ. ಎಲ್ಲರನ್ನೂ ಹೊರಗೆ ಕರೆತನ್ನಿ, 108ಕ್ಕೆ ಕರೆ ಮಾಡಿ. ಈರುಳ್ಳಿ ಮೂಸಿಸುತ್ತ, ಮಜ್ಜಿಗೆ ಕುಡಿಸುತ್ತ ಹೊತ್ತು ಕಳೆಯಬೇಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು.

ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಹಾಕಿ, 98 ತೋರಿಸುತ್ತಿದೆ, ಏನೂ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಆ ಯಂತ್ರಕ್ಕೆ ಹಿಮೋಗ್ಲೋಬಿನ್‌ಗೆ ಅಂಟಿರುವುದು ಆಮ್ಲಜನಕವೋ ಕಾರ್ಬನ್ ಮೊನಾಕ್ಸೈಡೋ ತಿಳಿಯುವುದಿಲ್ಲ, ಎರಡನ್ನೂ ಒಂದೇ ಎಂದು ಲೆಕ್ಕ ಹಾಕುತ್ತದೆ. ಸಾಮಾನ್ಯ ಗಾಳಿಯಲ್ಲಿ ಈ ವಿಷ ರಕ್ತದಿಂದ ಅರ್ಧಕ್ಕೆ ಇಳಿಯಲು ನಾಲ್ಕರಿಂದ ಆರು ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಮೂಲಕ ಪೂರ್ತಿ ಆಮ್ಲಜನಕ ಕೊಟ್ಟರೆ ಸುಮಾರು ಒಂದೂಕಾಲು ಗಂಟೆ ಸಾಕು. ಮುಂಡರಗಿಯ ತಾಲ್ಲೂಕು ಆಸ್ಪತ್ರೆಗೆ ಹೋಗಿ ಅಥವಾ ಗದಗಿನ ಜಿಮ್ಸ್‌ಗೆ ಹೋಗಿ, ‘ಮನೆಯೊಳಗೆ ಎಂಜಿನ್ ಚಾಲು ಇತ್ತು’ ಎಂದು ಮೊದಲೇ ವೈದ್ಯರಿಗೆ ತಿಳಿಸಿ. ಅವರಾಗಿ ಕೇಳುವವರೆಗೆ ಕಾಯಬೇಡಿ.